ಮಣ್ಣು ತೆಗೆದರು, ಮನುಷ್ಯರನ್ನು ಅಲ್ಲೇ ಬಿಟ್ಟರು

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ರಸ್ತೆಬದಿಯ ಚಾದಂಗಡಿ, ಅದನ್ನು ನಡೆಸುತ್ತಿದ್ದ ಮನೆಮಂದಿ, ಗಾಡಿ ನಿಲ್ಲಿಸಿ ದಣಿವಾರಿಸಿಕೊಳ್ಳುತ್ತಿದ್ದ ಚಾಲಕರು, ಎಲ್ಲರನ್ನೂ ಮಣ್ಣು ಗಂಗಾವಳಿ ಹೊಳೆಗೆ ದೂಡಿತು. ಹೊಳೆಗೆ ಬಿದ್ದ ಬಂಡೆ, ಮಣ್ಣಿನ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆ ಊರಿಗೆ ನುಗ್ಗಿ ಮನೆಗಳನ್ನು ಕೆಡವಿತು. ಅಲ್ಲೂ ಒಂದು ಜೀವ ಹೋಯಿತು. ಹೋದವರು ಒಟ್ಟು 11 ಮಂದಿ. ಕೇರಳದ ಲಾರಿ ಚಾಲಕನ ದೇಹ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, ಹೊಳೆಯ ತಳದಿಂದ ಲಾರಿಯನ್ನು ಎತ್ತಿದಾಗ. ಈ ನೆಲದವರೇ ಆದ ಇಬ್ಬರು ಶೋಧ ನಿಂತಾಗಲೂ ಸಿಕ್ಕಿರಲಿಲ್ಲ.

ಇದನ್ನು ಪ್ರಕೃತಿ ವಿಕೋಪ ಎಂದು ಕಡತದಲ್ಲಿ ಬರೆದು ಕೈ ತೊಳೆದುಕೊಂಡವರ ಮೇಲೆ ನನಗೆ ತಡೆಯಲಾಗದ ಸಿಟ್ಟಿದೆ. ಆಷಾಢದಲ್ಲಿ ಕರಾವಳಿಗೆ ಮಳೆ ಹೀಗೇ ಸುರಿಯುತ್ತದೆ ಎಂಬುದು ಇಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಚತುಷ್ಪಥಕ್ಕೆಂದು ಗುಡ್ಡದ ಬುಡವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸದೆ ನೆಟ್ಟಗೆ ಕಡಿದು ನಿಲ್ಲಿಸಿದ್ದು ಮಳೆಯಲ್ಲ, ಮನುಷ್ಯರು. ಅವೈಜ್ಞಾನಿಕ ಕಾಮಗಾರಿ ಎಂದು ಆಗ ರಾಜ್ಯದ ಕಂದಾಯ ಸಚಿವರೇ ಹೇಳಿದರು. ಇದೇ ಜಿಲ್ಲೆಯಲ್ಲಿ 2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡದ ಝರಿವಾಡದಲ್ಲಿ ಗುಡ್ಡ ಬಿದ್ದು 19 ಜನ ಸತ್ತಿದ್ದರು. 2022ರ ಆಗಸ್ಟಿನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಒಂದೇ ಮನೆಯ ನಾಲ್ವರು ಮಣ್ಣಿನಡಿ ಸೇರಿದ್ದರು. ಎಚ್ಚರಿಕೆ ಕಡಿಮೆಯೇನೂ ಸಿಕ್ಕಿರಲಿಲ್ಲ.

ಗುಡ್ಡ ಕಡಿದ ಬಗ್ಗೆ ಬರೆಯುವವರು ಇದ್ದಾರೆ, ಬರೆಯುತ್ತಲೂ ಇದ್ದಾರೆ. ನನ್ನ ಜಗಳ ಗುಡ್ಡ ಬಿದ್ದ ಮರುದಿನದ್ದು, ಆ ಮೇಲಿನ ತಿಂಗಳುಗಳದ್ದು.

ಶಿರೂರಿಗೆ ಯಾರೆಲ್ಲ ಬಂದರು ನೋಡಿ. ಎನ್‌ಡಿಆರ್‌ಎಫ್, ಎಸ್‌ಡಿಆರ್‌ಎಫ್, ಸೇನೆ, ನೌಕಾಪಡೆ. ನೆಲದಡಿ ನೋಡುವ ರಾಡಾರ್, ಡ್ರೋನ್, ಮಲ್ಪೆಯ ಮುಳುಗು ತಜ್ಞರು, ಕೊನೆಗೆ ಗೋವಾದಿಂದ ಡ್ರೆಜ್ಜರ್. ಮಂತ್ರಿಗಳು, ಸಂಸದರು, ಶಾಸಕರು, ಎರಡು ರಾಜ್ಯಗಳ ಟಿ.ವಿ. ಚಾನೆಲ್ಲುಗಳು. ಜೆಸಿಬಿಗೆ ಡೀಸೆಲ್ ತರುವವರು ಯಾರು, ಡೈವರ್‌ಗಳಿಗೆ ಊಟ ಯಾರದು, ಮಂತ್ರಿಯ ಕಾರು ನಿಲ್ಲುವುದೆಲ್ಲಿ, ಪ್ರತಿಯೊಂದಕ್ಕೂ ಒಬ್ಬ ಹೊಣೆಗಾರ ಇರುತ್ತಾನೆ. ಇಂಥ ಪ್ರತಿ ಕಾರ್ಯಾಚರಣೆಯಲ್ಲೂ ಹಗ್ಗದ ಆಚೆ ಬದಿಗೆ ಕೊಡೆ ಹಿಡಿದು ನಿಂತ ಹೆಂಗಸರಿರುತ್ತಾರೆ. ಯಂತ್ರ ಒಂದೊಂದು ಸಲ ಬಕೆಟ್ ಎತ್ತಿದಾಗಲೂ ಅವರ ಕುತ್ತಿಗೆ ಅದರ ಜೊತೆ ಮೇಲೇಳುತ್ತದೆ. ಬಂದದ್ದು ಬರೀ ಮಣ್ಣು ಎಂದಾದಾಗ ಇಳಿಯುತ್ತದೆ. ಹೀಗೆ ಬೆಳಗಿನಿಂದ ಸಂಜೆವರೆಗೆ. ಆ ಹೆಂಗಸರ ಪಕ್ಕದಲ್ಲಿ ನಿಲ್ಲುವ ಕೆಲಸ ಯಾರ ಹೆಸರಿನಲ್ಲಿದೆ? ಇವತ್ತು ಏನು ನಡೆಯಿತು, ನಾಳೆ ಏನು ನಡೆಯುತ್ತದೆ ಎಂದು ದಿನಕ್ಕೆ ಎರಡು ಸಲ ಅವರಿಗೆ ತಿಳಿಸುವವರು ಯಾರು? ಟಿ.ವಿ.ಯವರು ಮೈಕ್ ಹಿಡಿದು ‘ಹೇಗನ್ನಿಸ್ತಿದೆ ಅಮ್ಮಾ’ ಎಂದು ಮೇಲೆ ಬಿದ್ದಾಗ ಅಡ್ಡ ನಿಲ್ಲುವವರು ಯಾರು? ಆ ಕೇರಳದ ಚಾಲಕನ ಮನೆಯವರು ಜಾಲತಾಣದಲ್ಲಿ ತಮ್ಮ ಮೇಲೆ ಕೆಸರೆರಚಿದವರ ವಿರುದ್ಧ ಪೊಲೀಸರಿಗೆ ದೂರು ಕೊಡಬೇಕಾದ ಸ್ಥಿತಿ ಬಂತು. ಮಗನನ್ನು ಕಳೆದುಕೊಂಡವರು ದೂರು ಬರೆಯಲು ಠಾಣೆ ಮೆಟ್ಟಿಲು ಹತ್ತಬೇಕಾಯಿತು!

ವಿಪತ್ತು ಪರಿಹಾರ ನಿಧಿಯ 2022–26ರ ದರಪಟ್ಟಿ ಓದಿ. ಸತ್ತವರ ಕುಟುಂಬಕ್ಕೆ 4 ಲಕ್ಷ. ಕೈಕಾಲು ಶೇಕಡಾ 60ಕ್ಕಿಂತ ಹೆಚ್ಚು ಊನವಾದರೆ ಎರಡೂವರೆ ಲಕ್ಷ. ಮನೆ ಕೊಚ್ಚಿಹೋದರೆ ಬಟ್ಟೆಬರೆಗೆ 2,500, ಪಾತ್ರೆಪಗಡೆಗೆ 2,500. ಹಾಲು ಕರೆಯುವ ಎಮ್ಮೆಗೆ 37,500. ಎಮ್ಮೆಗೆ ಕೊಡಬೇಡಿ ಎಂದು ನಾನು ಹೇಳುತ್ತಿಲ್ಲ, ಎಮ್ಮೆ ಸತ್ತರೆ ಆ ಮನೆಯ ಒಲೆ ಆರುತ್ತದೆ. ಊನ ಎಷ್ಟು ಎಂದು ಅಳೆದು ಸರ್ಟಿಫಿಕೇಟ್ ಬರೆಯಲು ವೈದ್ಯರ ಮಂಡಳಿ ಇದೆ, ಗೋಡೆ ಎಷ್ಟು ಬಿದ್ದಿದೆ ಎಂದು ಅಳೆಯಲು ಇಂಜಿನಿಯರ್ ಟೇಪು ಹಿಡಿದು ಬರುತ್ತಾನೆ. ಮಳೆ ಹನಿ ತಗಡಿನ ಮೇಲೆ ಬಿದ್ದ ಕೂಡಲೇ ಎದ್ದು ಮಕ್ಕಳನ್ನು ಎಬ್ಬಿಸಿ, ರೇಷನ್ ಕಾರ್ಡು, ಆಧಾರ್ ಕಾರ್ಡು ಸೆರಗಿಗೆ ಕಟ್ಟಿಕೊಂಡು ಬೆಳಗಾಗುವವರೆಗೆ ಹೊಸ್ತಿಲ ಮೇಲೆ ಕೂರುವವಳ ಮನೆಗೆ ಯಾವ ಟೇಪು ಬರುತ್ತದೆ? ಅಂಥವರು ಕೊಡಗಿನ ಗುಡ್ಡದಡಿ ಇದ್ದಾರೆ, ನಮ್ಮ ಘಟ್ಟದಡಿ ಇದ್ದಾರೆ. ಆಕೆಯ ಗೋಡೆಯಲ್ಲಿ ಬಿರುಕಿಲ್ಲ. ಪಂಚನಾಮೆಯ ಪ್ರಕಾರ ಆಕೆಗೆ ಏನೂ ಆಗಿಲ್ಲ.

ನಮಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗೂ ಇಲ್ಲ. ದುರಂತದಲ್ಲಿ ಉಳಿದವರ ಮನಸ್ಸನ್ನು ನೋಡಿಕೊಳ್ಳುವ ವಿದ್ಯೆಯನ್ನು ದೇಶಕ್ಕೆ ಕಲಿಸಿದ್ದೇ ನಮ್ಮ ನಾಡು. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು, ಹೆಚ್ಚಿನವರು ಮಕ್ಕಳು. ಸತ್ತವರ ಮನೆಯವರ ದುಃಖ ಏನು ರೂಪ ತಾಳಿತು ಎಂದು ನಿಮ್ಹಾನ್ಸ್‌ನವರು ಅಧ್ಯಯನ ಮಾಡಿದರು. ನಲವತ್ತು ವರ್ಷಕ್ಕೂ ಹಿಂದೆ! ಸುಮಾರು ನಾಲ್ಕು ವರ್ಷ ಕಳೆದು ಭೋಪಾಲದಲ್ಲಿ ವಿಷಾನಿಲ ಸೋರಿದಾಗ ಡಾ. ಆರ್. ಶ್ರೀನಿವಾಸಮೂರ್ತಿ, ಡಾ. ಸಿ.ಆರ್. ಚಂದ್ರಶೇಖರ್ ಮೊದಲಾದವರು ಅಲ್ಲಿನ ಸಾಮಾನ್ಯ ವೈದ್ಯರಿಗಾಗಿ ಕೈಪಿಡಿ ತಯಾರಿಸಿದರು. ಮಾತ್ರೆಗೆ ಬಗ್ಗದ ಎದೆನೋವು, ತಲೆಸುತ್ತು, ನಿದ್ರೆಗೇಡಿನ ಹಿಂದೆ ಏನಿದೆ ಎಂದು ಹೇಗೆ ಕೇಳಬೇಕು ಎಂಬುದನ್ನು ಕಲಿಸಿದರು. ಲಾತೂರ್ ಭೂಕಂಪ, ಒಡಿಶಾದ ಚಂಡಮಾರುತ, ಗುಜರಾತ್ ಭೂಕಂಪ, 2004ರ ಸುನಾಮಿ, ಒಂದೊಂದು ದುರಂತದಿಂದಲೂ ಪಾಠ ಕಲಿತರು. ಮನೋವೈದ್ಯರು ಎಲ್ಲೆಡೆ ಸಿಗುವುದಿಲ್ಲ, ಆದ್ದರಿಂದ ಅಂಗನವಾಡಿ ಕಾರ್ಯಕರ್ತೆಗೆ, ಶಾಲಾ ಮಾಸ್ತರಿಗೆ, ಊರಿನ ಯುವಕರಿಗೆ ಕಲಿಸಿ, ಅವರೇ ತಿಂಗಳುಗಟ್ಟಲೆ ಮನೆಗೆ ಹೋಗಿಬರಲಿ ಎಂಬ ದಾರಿ ಕಂಡುಕೊಂಡರು. ಹಳ್ಳಿಯ ಆರೋಗ್ಯ ಕಾರ್ಯಕರ್ತರ ಮೂಲಕ ಮನೋಚಿಕಿತ್ಸೆ ತಲುಪಿಸಬಹುದು ಎಂದು 1985ರಿಂದ ಬಳ್ಳಾರಿಯಲ್ಲಿ ಮಾಡಿ ತೋರಿಸಿದರು. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಆ ಬಳ್ಳಾರಿಯ ಅನುಭವದಿಂದ.

2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂತು. 2009ರ ಡಿಸೆಂಬರಿನಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ದುರಂತದ ವೇಳೆ ಮನೋಸಾಮಾಜಿಕ ಬೆಂಬಲ ಹೇಗಿರಬೇಕು ಎಂದು ಪ್ರತ್ಯೇಕ ಮಾರ್ಗಸೂಚಿಯನ್ನೇ ಹೊರಡಿಸಿತು. ಕಡವಾಡದ ಮಣ್ಣು ಆಗಿನ್ನೂ ಆರಿರಲಿಲ್ಲ. ಮಾನಸಿಕ ಆರೋಗ್ಯ ಆರೈಕೆ ಪ್ರತಿಯೊಬ್ಬರ ಹಕ್ಕು ಎಂದು 2017ರ ಕಾಯ್ದೆಯ 18ನೇ ಕಲಂ ಹೇಳುತ್ತದೆ. ಜ್ಞಾನ ಇದೆ, ಕಾನೂನು ಇದೆ, ಕೈಪಿಡಿ ಇದೆ, ಸಂಸ್ಥೆ ಇದೆ. ಇಷ್ಟೆಲ್ಲ ಇಟ್ಟುಕೊಂಡೂ ಮಾಡದೇ ಇರುವುದನ್ನು ಬಡತನ ಎನ್ನಲಾಗದು. ಹೇಗೆ ಕಡಿಯಬಾರದು ಎಂದು ಗೊತ್ತಿದ್ದೂ ಗುಡ್ಡವನ್ನು ಹಾಗೇ ಕಡಿದ ಉಡಾಫೆಯೇ ಇಲ್ಲೂ ಕೆಲಸ ಮಾಡುತ್ತಿದೆ. ಅದರ ಕೆಳಗೆ ಯಾರಿದ್ದಾರೆ ಎಂಬುದು ಅಲ್ಲಿಯೂ ಯಾರಿಗೂ ಮುಖ್ಯವಾಗಲಿಲ್ಲ, ಇಲ್ಲಿಯೂ ಆಗುತ್ತಿಲ್ಲ.

ಮಾಡದಿರುವುದು ಒಂದು ಬಗೆಯ ಹಾನಿ. ಯೋಚಿಸದೆ ಮಾಡುವುದು ಇನ್ನೊಂದು. 2019ರ ಆಗಸ್ಟಿನ ನೆರೆಯಲ್ಲಿ ಒಂದು ಶಾಲೆಯ ಕೊಠಡಿಗಳಲ್ಲಿ ಪರಿಹಾರ ಕೇಂದ್ರ ತೆರೆದಿದ್ದರು. ಈಗ ಅದನ್ನೇ ಕಾಳಜಿ ಕೇಂದ್ರ ಎನ್ನುತ್ತಾರೆ. ಅಕ್ಕಿ ಇಳಿಸುವ ಕೆಲಸಕ್ಕೆ ಹೋದ ನಾನು ಅಲ್ಲಿದ್ದೆ. ಒಂದು ದಿನ ಪೇಟೆಯ ಕಾಲೇಜೊಂದರಿಂದ ತಂಡ ಬಂತು, ಎಲ್ಲರೂ ಒಂದೇ ಬಣ್ಣದ ಟೀಶರ್ಟು. ಮಕ್ಕಳನ್ನು ಗುಂಡಾಗಿ ಕೂರಿಸಿ ಹಾಳೆ, ಕ್ರೇಯಾನ್ ಹಂಚಿ, ‘ನಿಮ್ಮ ಮನೆಗೆ ನೀರು ಬಂದದ್ದನ್ನು ಬಿಡಿಸಿ’ ಎಂದರು. ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಕಂದು ಬಣ್ಣದ ಕಡ್ಡಿ ಹಿಡಿದು ಹಾಳೆಯ ಒಂದು ಮೂಲೆಯಿಂದ ತಿಕ್ಕತೊಡಗಿದಳು. ತಿಕ್ಕಿದಳು, ತಿಕ್ಕಿದಳು, ಕಡ್ಡಿ ಮುರಿದ ಮೇಲೆ ತುಂಡಿನಿಂದಲೇ ತಿಕ್ಕಿದಳು, ಹಾಳೆ ನಡುವೆ ಹರಿಯಿತು. ‘ಮನೆ ಎಲ್ಲಿದೆ?’ ಎಂದು ಟೀಶರ್ಟಿನವರೊಬ್ಬರು ಕೇಳಿದರು. ‘ಇದ್ರೊಳಗೆ’ ಎಂದಳು. ಆ ಹಾಳೆಯನ್ನು ಅವಳ ಕೈಯಲ್ಲೇ ಎತ್ತಿ ಹಿಡಿಸಿ ಫೋಟೊ ತೆಗೆದರು. ಸಂಜೆ ವ್ಯಾನ್ ಹತ್ತಿ ಹೋದರು, ಮತ್ತೆ ಬರಲಿಲ್ಲ. ಮಾರನೇ ಬೆಳಿಗ್ಗೆ ಅವಳ ಅಜ್ಜಿ ಕೊಳಾಯಿ ಬಳಿ ಚಾಪೆ ತೊಳೆಯುತ್ತಿದ್ದಳು. ‘ಇಷ್ಟು ದಿವ್ಸ ಹಾಸಿಗೇಲಿ ಮಾಡ್ಕಂಡಿರ್ಲಿಲ್ಲ ತಮಾ. ಹೆಂಗೋ ಮರ್ತು ಆಡ್ಕಂಡಿತ್ತು. ಎಂತಕ್ಕೆ ಕೆದಕಿದ್ರು ಅವ್ರು?’ ಎಂದು ಕೇಳಿದಳು. ಆ ತಂಡದವರ ಮನಸ್ಸು ಕೆಟ್ಟದ್ದಾಗಿರಲಿಲ್ಲ. ಅವರನ್ನು ಒಳಗೆ ಬಿಡುವ ಮುನ್ನ ‘ನೀವು ಏನು ಮಾಡುತ್ತೀರಿ, ನಾಳೆಯೂ ಬರುತ್ತೀರಾ?’ ಎಂದು ಕೇಳಬೇಕಾದವರು ಗೇಟಿನಲ್ಲಿ ಅಕ್ಕಿ ಮೂಟೆಯ ಲೆಕ್ಕ ಬರೆಯುತ್ತಿದ್ದರು.

ಘಟನೆ ನಡೆದ ಕೂಡಲೇ ಜನರನ್ನು ಕೂರಿಸಿ ‘ಏನಾಯ್ತು, ಏನು ಕಂಡಿರಿ, ಎಲ್ಲ ಹೇಳಿ’ ಎಂದು ಒತ್ತಾಯಿಸಿ ಹೊರಹಾಕಿಸುವುದು ಒಂದು ಕಾಲದಲ್ಲಿ ವೈದ್ಯರೂ ಮೆಚ್ಚಿದ ವಿಧಾನವಾಗಿತ್ತು. ಅದರಿಂದ ಪ್ರಯೋಜನವಿಲ್ಲ, ಕೆಲವರಿಗೆ ಹಾನಿಯೂ ಆದೀತು ಎಂದು ಅಧ್ಯಯನಗಳು ತೋರಿಸಿದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಮಾಡಬೇಡಿ ಎಂದಿತು. ಅದರ ಬದಲು 2011ರಲ್ಲಿ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ತಂದಿತು. ಅದರ ಸಾರ ಮೂರೇ ಕೆಲಸ: ನೋಡು, ಕೇಳಿಸಿಕೋ, ಜೋಡಿಸು. ಯಾರಿಗೆ ಏನು ಬೇಕಾಗಿದೆ ಎಂದು ನೋಡಬೇಕು. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು, ಹೇಳದಿದ್ದರೆ ಸುಮ್ಮನೆ ಪಕ್ಕದಲ್ಲಿ ಕೂರಬೇಕು. ಆಮೇಲೆ ಅವರನ್ನು ಅವರ ಅಣ್ಣತಮ್ಮಂದಿರಿಗೆ, ಔಷಧಿಗೆ, ಊಟಕ್ಕೆ, ಕಾಗದಪತ್ರಕ್ಕೆ ಜೋಡಿಸಬೇಕು. ಸಾವಿನ ಮನೆಗೆ ಬಂದು, ಒಲೆ ಹಚ್ಚಿ ಗಂಜಿ ಕಾಯಿಸಿ, ಮಾತಾಡದೆ ಗೋಡೆಗೊರಗಿ ಕೂರುವ ನೆರೆಮನೆಯ ಹೆಂಗಸು ಮಾಡುವುದು ಇದನ್ನೇ. ಆ ಹೆಂಗಸಿನ ಮನೆಯೂ ಕೊಚ್ಚಿಹೋದ ದಿನ ಆ ಕೆಲಸವನ್ನು ಸರ್ಕಾರ ವಹಿಸಿಕೊಳ್ಳಬೇಕಾಗುತ್ತದೆ.

ಮೊದಲ ವಾರಗಳಲ್ಲಿ ನಿದ್ರೆ ಬಾರದಿರುವುದು, ಸಣ್ಣ ಸದ್ದಿಗೆ ಬೆಚ್ಚಿಬೀಳುವುದು, ಕಣ್ಣು ಮುಚ್ಚಿದರೆ ಅದೇ ದೃಶ್ಯ ಬರುವುದು ಕಾಯಿಲೆಯಲ್ಲ. ಹೆಚ್ಚಿನವರು ಸುರಕ್ಷಿತ ಜಾಗ, ತಮ್ಮವರ ಆಸರೆ, ದುಡಿಮೆ ಸಿಕ್ಕರೆ ನಿಧಾನಕ್ಕೆ ಚೇತರಿಸಿಕೊಳ್ಳುತ್ತಾರೆ. ಇದನ್ನು ಅವರಿಗೆ ಯಾರಾದರೂ ಹೇಳಿದರೇ ಅರ್ಧ ಹೆದರಿಕೆ ಇಳಿಯುತ್ತದೆ. ತಿಂಗಳು ಕಳೆದರೂ ಬಿಡದೇ ಇದ್ದವರು, ಕುಡಿತಕ್ಕೆ ಬಿದ್ದವರು, ಶಾಲೆಗೆ ಹೋಗಲೊಲ್ಲದ ಮಕ್ಕಳು, ‘ನಾನೊಬ್ಬ ಯಾಕೆ ಉಳಿದೆ’ ಎಂದು ಜೀವ ಹಿಂಡಿಕೊಳ್ಳುವವರು, ಇವರನ್ನು ಗುರುತಿಸಿ ಚಿಕಿತ್ಸೆಗೆ ಮುಟ್ಟಿಸಬೇಕು. ಗುರುತಿಸಲು ಒಂದು ತಿಂಗಳಿಗೆ ಮತ್ತೆ ಹೋಗಬೇಕು. ಮೂರು ತಿಂಗಳಿಗೆ, ಆರು ತಿಂಗಳಿಗೆ, ಮುಂದಿನ ಮಳೆಗಾಲ ಶುರುವಾಗುವ ವಾರಕ್ಕೆ ಮತ್ತೆ ಹೋಗಬೇಕು. ನಮ್ಮ ಕಾಳಜಿ ಕೇಂದ್ರಗಳಾದರೋ ನೀರಿಳಿದ ಕೂಡಲೇ ಬೀಗ ಹಾಕಿಕೊಳ್ಳುತ್ತವೆ, ಜನ ಕೈಯಲ್ಲಿ ಒಂದು ಕಿಟ್ಟು ಹಿಡಿದು ಕೆಸರಿನ ಮನೆಗೆ ಮರಳುತ್ತಾರೆ.

ದೇಹ ಸಿಗದವರ ಮನೆಯ ಮಾತು ಬೇರೆಯೇ. ಸತ್ತದ್ದು ಖಾತ್ರಿಯಾದರೆ ಸೂತಕ ಇದೆ, ದಿನ ಇದೆ, ಹದಿಮೂರನೆಯ ದಿನಕ್ಕೆ ಊಟ ಹಾಕಿ ನಾಲ್ಕು ಜನ ಬಂದು ಕೂತು ಹೋಗುವುದಿದೆ. ದೇಹ ಇಲ್ಲದ ಮನೆಯಲ್ಲಿ ಯಾವುದೂ ಶುರುವಾಗುವುದಿಲ್ಲ. ತಾಳಿ ತೆಗೆಯುವುದೋ ಬಿಡುವುದೋ? ಗೋಡೆಯ ಫೋಟೊಕ್ಕೆ ಹಾರ ಹಾಕುವುದೋ ಬೇಡವೋ? ಹಾಕಿದರೆ ಕೊಂದಂತೆ, ಹಾಕದಿದ್ದರೆ ದಿನಾ ಕಾದಂತೆ. ಬಾಗಿಲು ಸದ್ದಾದರೆ ಎದೆ ಹಾರುತ್ತದೆ. ಅಮೆರಿಕದ ಮನೋಚಿಕಿತ್ಸಕಿ ಪಾಲಿನ್ ಬಾಸ್ ಇಂಥ ಕೊನೆಯಿಲ್ಲದ ಅಗಲಿಕೆಯನ್ನೇ ಜೀವಮಾನವಿಡೀ ಅಭ್ಯಾಸ ಮಾಡಿದವರು. ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದ ಮೇಲೆ ದೇಹ ಸಿಗದವರ ಕುಟುಂಬಗಳ ಜೊತೆ ಕೆಲಸ ಮಾಡಿದರು. ಇಂಥವರಿಗೆ ‘ಮರೆತುಬಿಡಿ, ಮುಂದೆ ನೋಡಿ’ ಎನ್ನುವುದು ಕ್ರೌರ್ಯ. ಅವರಿಗೆ ಬೇಕಾದದ್ದು ತಮ್ಮಂಥದ್ದೇ ಮನೆಯವರ ಜೊತೆ ಕೂರುವ ಅವಕಾಶ, ನಡೆದದ್ದೇನು ಎಂಬ ಸತ್ಯವಾದ ಮಾಹಿತಿ, ಮತ್ತು ಸಮಯ. ನಮ್ಮ ಹಿರಿಯರೂ ಇದನ್ನು ಯೋಚಿಸಿದ್ದರು. ದೇಹ ಸಿಗದಿದ್ದಾಗ ದರ್ಭೆಯಲ್ಲಿ ಪ್ರತಿಕೃತಿ ಮಾಡಿ ಸಂಸ್ಕಾರ ಮಾಡುವ ಕ್ರಮ ಇಟ್ಟಿದ್ದರು. ಹೋದವರಿಗಿಂತ ಉಳಿದವರಿಗೆ ಅದು ಬೇಕಿತ್ತು.

ನಮ್ಮ ಕಚೇರಿಗಳಲ್ಲಿ ಇದಕ್ಕೆ ಇರುವ ಕ್ರಮ ಯಾವುದು? ಏಳು ವರ್ಷ ಸುದ್ದಿಯಿಲ್ಲದವರನ್ನು ಸತ್ತವರೆಂದು ಭಾವಿಸಬಹುದು ಎನ್ನುತ್ತದೆ ಸಾಕ್ಷ್ಯ ಕಾನೂನು. ಮರಣ ಪತ್ರ ಇಲ್ಲದೆ ಬ್ಯಾಂಕಿನ ಖಾತೆ ತೆರೆಯದು, ವಿಮೆ ಬಾರದು, ವಿಧವಾ ವೇತನ ಬಾರದು, ಪಹಣಿಯಲ್ಲಿ ಹೆಸರು ಬದಲಾಗದು. ಗಂಡ ಸತ್ತಿದ್ದಾನೆ ಎಂದು ಹೆಂಡತಿಯೇ ಕಿಟಕಿ ಕಿಟಕಿಗೆ ಹೋಗಿ ವಾದಿಸಿ ಸಾಬೀತು ಮಾಡಬೇಕು. ಒಳಗಿನಿಂದ ‘ಬಾಡಿ ಸಿಕ್ಕಿದೆಯಾ?’ ಎಂಬ ಪ್ರಶ್ನೆ ಬರುತ್ತದೆ. ಶಿರೂರಿನ ಎರಡು ವಾರದ ನಂತರ, ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್ಮಲೆ ಕೊಚ್ಚಿಹೋದವು. ಅಲ್ಲಿ ದುಡಿಯಲು ಹೋಗಿದ್ದ ಮಂಡ್ಯ, ಚಾಮರಾಜನಗರ ಮೂಲದವರೂ ಸತ್ತರು. ಕೇರಳ ಆ ದಿನಗಳಲ್ಲೇ ಶಿಬಿರಗಳಿಗೆ ಮನೋಸಾಮಾಜಿಕ ತಂಡಗಳನ್ನು ಕಳಿಸಿತು. ಕಾಣೆಯಾದವರನ್ನು ಏಳು ವರ್ಷ ಕಾಯದೆ ಮೃತರೆಂದು ಪರಿಗಣಿಸಲು 2025ರ ಜನವರಿಯಲ್ಲಿ ತೀರ್ಮಾನಿಸಿತು. ಮನಸ್ಸು ಮಾಡಿದರೆ ಆಗುತ್ತದೆ. ಕೇರಳದಲ್ಲಿ ಎಲ್ಲವೂ ಸರಿಯಾಗಿದೆ ಎಂದು ನಾನೇನೂ ನಂಬಿಲ್ಲ, ಅಲ್ಲಿಯೂ ಪುನರ್ವಸತಿಗೆ ಜನ ಬೀದಿಗಿಳಿದರು. ಆದರೆ ಇದು ಸರ್ಕಾರದ ಕೆಲಸ ಎಂಬ ಅರಿವಾದರೂ ಅಲ್ಲಿದೆ.

ಹೆಣ ಎತ್ತಿದವರನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ ದುಬೈನಿಂದ ಬಂದ ವಿಮಾನ ಕಣಿವೆಗೆ ಉರುಳಿ 158 ಜನ ಸತ್ತಾಗ ಮೊದಲು ಓಡಿಹೋದವರು ಬಜಪೆ, ಕೆಂಜಾರಿನ ಊರವರು. ಉರಿಯುವ ವಿಮಾನದ ಪಕ್ಕ ನಿಂತು ಸುಟ್ಟ ದೇಹಗಳನ್ನು ಹೊತ್ತು ಗುಡ್ಡ ಹತ್ತಿದವರು ಹೆಚ್ಚಾಗಿ ಹುಡುಗರು. ಗುರುತು ಸಿಗದ 12 ದೇಹಗಳನ್ನು ಒಟ್ಟಿಗೆ ಮಣ್ಣು ಮಾಡಲಾಯಿತು. ಹೊಳೆಯ ರಾಡಿಯಲ್ಲಿ ಕೈಯಾಡಿಸಿ ದೇಹ ಹುಡುಕುವ ಮುಳುಗು ತಜ್ಞ, ಶವಾಗಾರದಲ್ಲಿ ಅರ್ಧ ದೇಹಕ್ಕೆ ನಂಬರ್ ಕಟ್ಟುವ ಡಿ ಗ್ರೂಪ್ ನೌಕರ, ಬಿಳಿ ಬಟ್ಟೆ ಸರಿಸಿ ‘ಇವರೇನಾ ನೋಡಿ’ ಎಂದು ತಾಯಿಗೆ ತೋರಿಸಬೇಕಾದ ಕಾನ್‌ಸ್ಟೇಬಲ್, ಇವರೆಲ್ಲ ರಾತ್ರಿ ಮನೆಗೆ ಹೋಗಿ ಉಣ್ಣಬೇಕು, ಮಕ್ಕಳನ್ನು ಎತ್ತಿಕೊಳ್ಳಬೇಕು. ಸ್ವಾತಂತ್ರ್ಯ ದಿನ ಶಾಲು ಹೊದಿಸಿ ಕಳಿಸುತ್ತೇವೆ. ಆ ಕೈ ನಡುಗುತ್ತಿದೆಯೇ ಎಂದು ಕೇಳುವುದಿಲ್ಲ. ಕುಡಿದು ಡ್ಯೂಟಿಗೆ ಬಂದರೆ ಸಸ್ಪೆಂಡ್ ಮಾಡುತ್ತೇವೆ.

ಹಳ್ಳಿಯಲ್ಲಿ ಮಾತ್ರ ಹೀಗೆ ಎಂದುಕೊಳ್ಳಬೇಡಿ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಮುಂದೆ ಕಾಲ್ತುಳಿತಕ್ಕೆ ಸಿಕ್ಕಿ 11 ಜನ ಸತ್ತರು, ಬಹುಪಾಲು ಎಳೆಯರು. ಗೆಳತಿಯ ಕೈ ಹಿಡಿದಿದ್ದು ಜಾರಿಹೋದವರು, ಬಿದ್ದವರ ಮೇಲೆ ತಾವೂ ಕಾಲಿಟ್ಟು ಹೊರಬಂದವರು ಎಷ್ಟೋ ಮಂದಿ. ಯಾರು ತಪ್ಪಿತಸ್ಥರು ಎಂದು ಆಯೋಗ ಕೂತಿತು, ಅಮಾನತು ನಡೆಯಿತು, ಕೋರ್ಟಿನಲ್ಲಿ ವಾದ ನಡೆಯಿತು. ನಡೆಯಲಿ, ನಡೆಯಬೇಕು. ಆ ಸಂಜೆ ಅಲ್ಲಿದ್ದು ಮೆಟ್ರೊ ಹತ್ತಿ ಮನೆಗೆ ಮರಳಿದ ಸಾವಿರಾರು ಹುಡುಗ ಹುಡುಗಿಯರು ಮಾತ್ರ ಯಾವ ಆಯೋಗದ ಪರಿಧಿಗೂ ಬರಲಿಲ್ಲ. ನಿಮ್ಹಾನ್ಸ್ ಇರುವುದು ಅದೇ ನಗರದಲ್ಲಿ, ಕೆಲವೇ ಕಿಲೋಮೀಟರ್ ಆಚೆ.

‘ಟೆಲಿ ಮನಸ್ ಇದೆಯಲ್ಲ, 14416ಕ್ಕೆ ಫೋನ್ ಮಾಡಲಿ’ ಎನ್ನುವವರು ಇದ್ದಾರೆ. 2022ರ ಅಕ್ಟೋಬರ್ 10ರಂದು ಶುರುವಾದ ಆ ಸೇವೆ ಒಳ್ಳೆಯದು, ಉಚಿತ, ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಬೇಕಾದವರು ಖಂಡಿತ ಫೋನ್ ಮಾಡಿ. ಆದರೆ ಮೊಬೈಲು ಹೊಳೆಗೆ ಹೋದವರು, ಟವರ್ ಬಿದ್ದ ಊರಿನವರು, ತನಗಾಗಿರುವುದು ಹೇಳಿಕೊಳ್ಳುವಂಥದ್ದು ಎಂದೇ ಗೊತ್ತಿಲ್ಲದ ಅರವತ್ತರ ಮುದುಕಿ, ಗಾಳಿ ಸೋಂಕಿದೆ ಎಂದು ತಾಯಿತ ಕಟ್ಟಿಸಿಕೊಂಡ ಹುಡುಗ, ಇವರ್‍ಯಾರೂ ಆ ನಂಬರು ಒತ್ತುವುದಿಲ್ಲ. ಅವರ ಬಾಗಿಲಿಗೇ ಹೋಗಬೇಕು. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮ ನಮ್ಮಲ್ಲಿದೆ. ಬಸ್ ಚಾರ್ಜು ಕೊಟ್ಟು, ಒಂದು ದಿನದ ಕೂಲಿ ಬಿಟ್ಟು, ಆ ಮಂಗಳವಾರವನ್ನೇ ನೆನಪಿಟ್ಟುಕೊಂಡು ಬಂದವರಿಗೆ ಅದು ಸಿಗುತ್ತದೆ. ಉತ್ತರ ಕನ್ನಡದವರಿಗೆ ಆಸ್ಪತ್ರೆ ಎಂದರೆ ಏನೆಂದು ಗೊತ್ತು. ತಲೆಗೆ ಪೆಟ್ಟಾದರೂ ಹೃದಯಕ್ಕೆ ಬಂದರೂ ಮಣಿಪಾಲಕ್ಕೆ, ಹುಬ್ಬಳ್ಳಿಗೆ, ಗೋವೆಗೆ ಓಡಬೇಕು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡದಿದ್ದರೆ ವೋಟೂ ಇಲ್ಲ ಎಂದು 2022ರಲ್ಲಿ ಇಡೀ ಜಿಲ್ಲೆ ಕೂಗಿತು. ಅಣುಸ್ಥಾವರಕ್ಕೆ ಜಾಗ ಕೊಟ್ಟ ಜಿಲ್ಲೆ, ನೌಕಾನೆಲೆಗೆ ಊರುಗಳನ್ನೇ ಬಿಟ್ಟುಕೊಟ್ಟ ಜಿಲ್ಲೆ, ಅಣೆಕಟ್ಟಿಗೆ, ರೈಲಿಗೆ, ಚತುಷ್ಪಥಕ್ಕೆ ಕೊಟ್ಟ ಜಿಲ್ಲೆ.

ಕೊಡಗಿನ ಒಂದು ಮಾತು ಹೇಳಲೇಬೇಕು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಯ ಸುತ್ತ ಗುಡ್ಡಗಳು ಜಾರಿದ ಮೇಲೆ ಕರ್ಣಂಗೇರಿ, ಮದೆನಾಡು, ಜಂಬೂರಿನಲ್ಲಿ ಬಡಾವಣೆ ಕಟ್ಟಿ ಮನೆ ಕೊಟ್ಟರು. ಮನೆ ಸಿಕ್ಕಿದ್ದು ದೊಡ್ಡದು, ಅದನ್ನು ಸಣ್ಣದು ಮಾಡುವುದಿಲ್ಲ. ಆದರೆ ಇಂಥ ಬಡಾವಣೆಗಳಲ್ಲಿ ಯಾರ ಪಕ್ಕದಲ್ಲಿ ಯಾರಿರಬೇಕು ಎಂಬುದನ್ನು ಲಾಟರಿ ಚೀಟಿಗೆ ಬಿಡಬಾರದು. ಹಳೇ ಊರಿನಲ್ಲಿ ಕೂಗಿದರೆ ಓಡಿಬರುತ್ತಿದ್ದ ಮನೆಯೇ ಹೊಸ ಊರಿನಲ್ಲೂ ಪಕ್ಕದಲ್ಲಿದ್ದರೆ ಸಮಾಲೋಚಕರ ಅರ್ಧ ಕೆಲಸ ಮುಗಿದಿರುತ್ತದೆ. ಇದಕ್ಕೆ ಒಂದು ರೂಪಾಯಿ ಹೆಚ್ಚು ಖರ್ಚಿಲ್ಲ. ನಕ್ಷೆ ಹಾಕುವ ಮುಂಚೆ ಜನರನ್ನು ಕೂರಿಸಿ ಕೇಳಿದರೆ ಸಾಕು.

ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ಜಿಲ್ಲಾಧಿಕಾರಿ ಕಚೇರಿಯಲ್ಲಿ ಪೂರ್ವಸಿದ್ಧತಾ ಸಭೆ ನಡೆಯುತ್ತದೆ. ದೋಣಿ ಎಷ್ಟು, ಜೆಸಿಬಿ ಎಷ್ಟು, ಮರ ಕೊಯ್ಯುವ ಯಂತ್ರ ಎಷ್ಟು, ಮರಳು ಚೀಲ ಎಷ್ಟು ಎಂದು ಪಟ್ಟಿ ಓದುತ್ತಾರೆ. ಮುಂದಿನ ಸಭೆಯ ಪಟ್ಟಿಯಲ್ಲಿ ಹೆಸರುಗಳೂ ಇರಬೇಕು. ಪ್ರತಿ ಪಂಚಾಯಿತಿಯಲ್ಲಿ ತರಬೇತಾದ ಮೂವರು, ಒಬ್ಬರು ಅಂಗನವಾಡಿಯವರು, ಒಬ್ಬರು ಆಶಾ, ಒಬ್ಬರು ಮಾಸ್ತರು. ಈಗಾಗಲೇ ಹತ್ತು ರಿಜಿಸ್ಟರು ತುಂಬಿಸುತ್ತಿರುವ ಅವರ ತಲೆಗೆ ಹನ್ನೊಂದನೆಯದನ್ನು ಹೇರದೆ, ಈ ಕೆಲಸಕ್ಕೆ ಪ್ರತ್ಯೇಕ ಗೌರವಧನ ಕೊಟ್ಟು ನೇಮಿಸಿ. ಕೊಂಕಣಿ, ಹಾಲಕ್ಕಿಗಳ ಕನ್ನಡ, ಕೊಡವ, ತುಳು, ಆಯಾ ಮನೆಯ ಮಾತು ಬಲ್ಲವರೇ ಆಯಾ ಮನೆಗೆ ಹೋಗಲಿ. ಪ್ರಾಣ ಹೋದ, ಜನ ಕಾಣೆಯಾದ ಪ್ರತಿ ಮನೆಗೂ ಒಬ್ಬರೇ ಒಬ್ಬ ಹೊಣೆಗಾರರಿರಲಿ. ಶೋಧದ ಸುದ್ದಿಯಿಂದ ಹಿಡಿದು ಶವಾಗಾರ, ಚೆಕ್ಕು, ಮರಣ ಪತ್ರದವರೆಗೆ ಅದೇ ಮುಖ ಬರಲಿ. ಸುದ್ದಿ ತಿಳಿಸಲು ಕ್ಯಾಮೆರಾ ನುಗ್ಗದ ಒಂದು ಕೋಣೆ ಇರಲಿ. ಕಾಳಜಿ ಕೇಂದ್ರದ ಗೇಟಿನಲ್ಲಿ ಮಕ್ಕಳ ಹತ್ತಿರ ಹೋಗುವವರ ಹೆಸರು ಬರೆದುಕೊಳ್ಳುವ ಒಬ್ಬರು ಇರಲಿ. ಹೆಣ ಎತ್ತಿದವರಿಗೆ ರಜೆ ಮತ್ತು ತಪಾಸಣೆ ಹಕ್ಕಾಗಲಿ. ಭೇಟಿಗಳ ಪುಸ್ತಕ ಎರಡು ಮಳೆಗಾಲ ದಾಟುವವರೆಗೆ ಮುಚ್ಚದಿರಲಿ. ಕೊನೆಯ ಭೇಟಿ ಯಾವ ತಾರೀಕಿಗೆ ಆಯಿತು ಎಂದು ಜಿಲ್ಲಾಧಿಕಾರಿ ಪ್ರತಿ ತಿಂಗಳು ಸಹಿ ಮಾಡಿ ಹೇಳಲಿ.

ಹಣ ಎಲ್ಲಿಂದ ಎಂದು ಕೇಳುತ್ತಾರೆ. ಈ ಹೆದ್ದಾರಿಯಲ್ಲಿ ಓಡುವ ಕಾರು, ಬಸ್ಸು, ಲಾರಿಗಳು ಟೋಲ್ ಗೇಟಿನಲ್ಲಿ ಹಣ ಕಟ್ಟಿ ಮುಂದೆ ಹೋಗುತ್ತವೆ. ಗುಡ್ಡ ಕಡಿದವರ ಗುತ್ತಿಗೆಯಲ್ಲಿ ಮೊದಲೇ ಬರೆಯಿರಿ: ನೀವು ಕಡಿದ ಗುಡ್ಡ ಜನರ ಮೇಲೆ ಬಿದ್ದರೆ, ಉಳಿದವರ ಮನೆಗೆ ಹೋಗಿಬರುವ ಆ ಮೂವರ ಹತ್ತು ವರ್ಷದ ಸಂಬಳ ನಿಮ್ಮ ಟೋಲ್ ಹಣದಿಂದ ಮುರಿದುಕೊಳ್ಳುತ್ತೇವೆ.